‘ಇಲ್ಲಿ ನಾನು’ ಎಂದಷ್ಟೇ ಬರೆದಿಟ್ಟ ಹಾಸ್ಯಗಾರ

ಸತ್ತವರು ಬರುತ್ತಾರೆಂಬ ಸುದ್ದಿಯನ್ನೆಲ್ಲ ನಾನು ನಂಬುತ್ತಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಯಾರಾದರೂ ದೆವ್ವ ಎಂದರೆ ‘ನೋಡಿದವರು ಯಾರು? ಬೆಳಕು ಎಷ್ಟಿತ್ತು?’ ಎಂದು ಪಾಟೀಸವಾಲಿಗೆ ಇಳಿಯುತ್ತಿದ್ದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇದು ನಡೆದದ್ದು ಹಾಡಹಗಲು, ಶುಕ್ರವಾರದ ರಜೆಯಲ್ಲಿ, ಬಹರೈನ್‌ನ ಗುಫೂಲ್ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬಹರೈನ್‌ಗೆ ಬಂದು ವರ್ಷವಾಗಿರಲಿಲ್ಲ. ನಮ್ಮ ಆಫೀಸಿನ ರಮೇಶಣ್ಣನ ತಾಯಿ ಕಲ್ಯಾಣಿಯಮ್ಮ ಉಡುಪಿ ಕಡೆಯಿಂದ ಮಗನ ಮನೆಗೆ ಬಂದಿದ್ದರು. ಅವರ ಅಪ್ಪ ನಾಟಕ ಕಂಪನಿಯ ಹಾಸ್ಯಗಾರ, ಪ್ರಹಸನಗಳನ್ನು ತಾವೇ ಬರೆಯುತ್ತಿದ್ದವರು. ಮಗಳಿಗೆ ನಾಲ್ಕು ವರ್ಷವಿದ್ದಾಗ ಹಡಗು ಹತ್ತಿ ಬಸ್ರಾಕ್ಕೆ, ಅಲ್ಲಿಂದ ಬಹರೈನ್‌ಗೆ ಹೋದರಂತೆ. ಮುತ್ತಿನ ವ್ಯಾಪಾರಿಗಳ ಗುಮಾಸ್ತರನ್ನೂ ಹಡಗಿನ ಕೆಲಸಗಾರರನ್ನೂ ನಗಿಸಿದರಂತೆ. ಅವರು ಮರಳಲಿಲ್ಲ. ಅವರು ಬರೆದ ಒಂದು ನಾಟಕದ ನೋಟುಬುಕ್ಕು ಮಾತ್ರ ಯಾರದೋ ಪೆಟ್ಟಿಗೆಯಲ್ಲಿ ಊರು ಸೇರಿತು.

ಅದರಲ್ಲಿ ಎಲ್ಲರ ಮಾತೂ ಇತ್ತು, ಹಾಸ್ಯಗಾರನದ್ದು ಮಾತ್ರ ಇರಲಿಲ್ಲ. ಆ ಜಾಗದಲ್ಲೆಲ್ಲ ‘ಇಲ್ಲಿ ನಾನು’ ಎಂದಷ್ಟೇ ಬರೆದಿತ್ತು. ಹಾಸ್ಯಗಾರ ತನ್ನ ಮಾತನ್ನು ರಂಗದ ಮೇಲೆಯೇ ಹುಟ್ಟಿಸುತ್ತಿದ್ದ ಕಾಲ. ಬರೆದುಕೊಳ್ಳುವ ಅಗತ್ಯ ಅವರಿಗಿರಲಿಲ್ಲ. ಕೊನೆಯ ಪುಟದಲ್ಲಿ ಮಗಳ ಪಾತ್ರ ‘ಅಪ್ಪಾ, ಮನೆಗೆ ಯಾವಾಗ ಬರುತ್ತೀ?’ ಎಂದು ಕೇಳುತ್ತದೆ. ಅದಕ್ಕೂ ಉತ್ತರ ‘ಇಲ್ಲಿ ನಾನು’. ಆ ಉತ್ತರ ಏನಿರಬಹುದು ಎಂದು ಕಲ್ಯಾಣಿಯಮ್ಮ ಜೀವಮಾನವಿಡೀ ಯೋಚಿಸಿದ್ದರು. ಈಗ ಕಣ್ಣು ಮಂಜಾಗಿತ್ತು. ಅಪ್ಪ ಆಡಿದ ಊರಿನಲ್ಲೇ ಒಮ್ಮೆ ನಾಟಕವನ್ನು ಕಿವಿಯಾರೆ ಕೇಳಬೇಕೆಂದು ಅವರ ಆಸೆ.

“ನೀನು ಬಾಯಿಬಡುಕ ಅಲ್ವಾ, ನೀನೇ ಓದಿ ಹೇಳು, ಖಾಲಿ ಜಾಗಕ್ಕೆ ಎಂತಾದ್ರೂ ತುಂಬಿಸು ಮಾರಾಯ. ಅಮ್ಮನಿಗೆ ಸಮಾಧಾನ ಆಗ್ಲಿ,” ಎಂದ ರಮೇಶಣ್ಣ. ನಾನು ಜೋಕುಗಳನ್ನು ಸಿದ್ಧಮಾಡಿಕೊಂಡೇ ಹೋಗಿದ್ದೆ.

ನೋಟುಬುಕ್ಕು ತೆರೆದು ಸಾಹುಕಾರನ ಪಾತ್ರದ ಮಾತು ಓದಿದೆ: ‘ನಿನ್ನ ಕೊಡೆ ಎಲ್ಲಿ?’ ನನ್ನ ಜೋಕಿಗೆ ಬಾಯಿ ತೆರೆಯುವ ಮೊದಲೇ ಕಲ್ಯಾಣಿಯಮ್ಮ ನಕ್ಕರು. ಮುಂದಿನ ಸಾಲು: ‘ಥೂ, ಅದಕ್ಕೆ ನನ್ನ ಅತ್ತೆಯನ್ನು ಯಾಕೆ ಎಳೆಯುತ್ತೀ?’ ಮತ್ತೆ ಖಾಲಿ, ಮತ್ತೆ ನಗು. ಮೂರನೆಯ ಸಲ ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು. “ಎಂತ ಜೋಕು? ನಂಗೂ ಹೇಳಿ!” ಎಂದು ರಮೇಶಣ್ಣ ಅಡುಗೆಮನೆಯಿಂದ ಬಂದ. ಹೇಳಲು ನಮ್ಮಿಬ್ಬರಿಗೂ ಏನೂ ಇರಲಿಲ್ಲ. ನಗು ಅಂಟುರೋಗ ಎನ್ನುತ್ತೀರಿ. ಒಪ್ಪಿದೆ. ಆದರೆ ಆ ಮೂರನೆಯ ಸಲ ನಾನು ಅವರಿಗಿಂತ ಮೊದಲು ನಕ್ಕಿದ್ದೆ. ಯಾವ ದನಿಯೂ ಕೇಳಿಸಿರಲಿಲ್ಲ. ಜೋಕು ಆಗಲೇ ಮುಗಿದುಹೋಗಿ ನಗು ಮಾತ್ರ ಉಳಿದಂತಿತ್ತು.

ಕೊನೆಯ ಪುಟ ಬಂತು. ‘ಅಪ್ಪಾ, ಮನೆಗೆ ಯಾವಾಗ ಬರುತ್ತೀ?’ ಓದಿ ನಿಲ್ಲಿಸಿದೆ. ಇಬ್ಬರೂ ಕಾದೆವು. ಎಸಿ ಗುಂಯ್ ಎನ್ನುತ್ತಿತ್ತು. ಕಲ್ಯಾಣಿಯಮ್ಮ ನನ್ನತ್ತ ಬಾಗಿದರು.

“ನಿಂಗೆ ಕೇಳಿತಾ ಮಗಾ? ಎಂತ ಹೇಳಿದ್ರು?”

‘ಮುಂದಿನ ಹಡಗಿಗೆ’ ಎಂದು ಹೇಳಬೇಕೆಂದುಕೊಂಡಿದ್ದೆ. ಹೇಳು, ಹೇಳು ಎಂದು ರಮೇಶಣ್ಣ ಕಣ್ಣಲ್ಲೇ ಬೇಡಿದ. ಆದರೆ ಅವರ ಜೊತೆ ಹಾಗೆ ನಕ್ಕ ಮೇಲೆ ಸುಳ್ಳು ಹೇಳಲಾಗಲಿಲ್ಲ.

“ಇಲ್ಲಮ್ಮ, ಕೇಳಲಿಲ್ಲ.”

“ನಂಗೂ ಇಲ್ಲ,” ಎಂದರು. “ಇನ್ನೊಮ್ಮೆ ಓದು. ಆ ಮಗುವಿನ ಮಾತು ಮಾತ್ರ.”

ಓದಿದೆ. ಮತ್ತೊಮ್ಮೆ ಓದಿಸಿದರು. ಮರುತಿಂಗಳು ಊರಿಗೆ ಹೋದವರು ಹೆಚ್ಚು ದಿನ ಬದುಕಲಿಲ್ಲ.

ಅಲ್ಲಿ ಯಾರೂ ಇರಲಿಲ್ಲ ಎಂದರೆ ನನಗೆ ನಗು ಬಂದದ್ದು ಎಲ್ಲಿಂದ? ಇದ್ದರು ಎಂದರೆ, ಅಷ್ಟು ನಗಿಸಿದವರು ಮಗಳ ಒಂದು ಪ್ರಶ್ನೆಗೆ ಯಾಕೆ ಬಾಯಿ ಬಿಡಲಿಲ್ಲ?