ಧೂಳಿನ ದಿನಗಳ ಳಕಾರ

ಬಾಗಿಲಡಿಯ ಸಂದಿಗೆ ಒದ್ದೆ ಟವೆಲು ತುರುಕುವುದರಲ್ಲಿ ನನ್ನಷ್ಟು ಪಳಗಿದವರು ಕುವೈತಿನ ರಿಗ್ಗೈಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಜೂನ್ ತಿಂಗಳಲ್ಲಿ ಆಕಾಶ ಅರಶಿನ ಕಲಸಿದ ಬಣ್ಣಕ್ಕೆ ತಿರುಗಿತೆಂದರೆ, ಕಿಟಕಿಯಂಚಿಗೆಲ್ಲ ಟೇಪು ಅಂಟಿಸಿ, ಬಾಲ್ಕನಿಯ ಬಟ್ಟೆಗಳನ್ನು ಬಾಚಿ ತಂದು, ಐದು ವರ್ಷದ ಮೈತ್ರಿಯನ್ನೂ ಮೂರು ವರ್ಷದ ಚಿರುವನ್ನೂ ಒಳಗೆಳೆದುಕೊಂಡು ಚಿಲಕ ಹಾಕುತ್ತಿದ್ದೆ. ಇಷ್ಟಾದರೂ ಅರ್ಧ ಗಂಟೆಯೊಳಗೆ ಊಟದ ಮೇಜಿನ ಮೇಲೆ ನವಿರಾದ ಕಂದು ಪುಡಿ ಕುಳಿತಿರುತ್ತಿತ್ತು. "ಪಾಪ, ಮಕ್ಕಳನ್ನು ಕಟ್ಟಿಕೊಂಡು ಎಂತ ಮಾಡ್ತೀ ಮಾರಾಯ್ತಿ" ಎಂದು ಊರಿನ ಗೆಳತಿಯರು ಫೋನಿನಲ್ಲಿ ಮರುಗುತ್ತಿದ್ದರು. ನಿಮಗೆ ನಿಜ ಹೇಳಲೇ? ಆ ದಿನಗಳೆಂದರೆ ನನಗೆ ಬಲು ಇಷ್ಟ. ಪಾರ್ಕಿಲ್ಲ, ಪಕ್ಕದ ಮನೆಯಿಲ್ಲ, ಮಕ್ಕಳು ಪೂರ್ತಿ ನನ್ನ ಕೈವಶ.

ಆ ವರ್ಷ ನನಗೊಂದು ಹಟವೂ ಇತ್ತು. ನಾನು ಮಂಗಳೂರು ಕಡೆಯ ತುಳುವಳು, ನನ್ನವರು ಹಾಸನದವರು. ಹೀಗಾಗಿ ಮನೆಯ ಮಾತು ಕನ್ನಡ. ಮಕ್ಕಳಿಗೋ ಕನ್ನಡ ಕಿವಿಗೆ ಮಾತ್ರ, ಬಾಯಿಗೆ ಇಂಗ್ಲಿಷು. ಹಾಸನದಲ್ಲಿದ್ದ ನನ್ನ ಅತ್ತೆಯ ಫೋನು ಬಂದಾಗಷ್ಟೇ ಮೈತ್ರಿ ಕಥೆಯ ಆಸೆಗೆ ಕನ್ನಡಕ್ಕೆ ಬಾಯಿ ತೆರೆಯುತ್ತಿದ್ದಳು. ಆದರೆ ಅವಳ ನಾಲಗೆಗೆ ಳ ಹೊರಳದು. ಒಂದು ಶುಕ್ರವಾರ, ಅತ್ತೆಯ ಮನೆ ತುಂಬ ನೆಂಟರಿದ್ದಾಗ, ಸ್ಪೀಕರಿನಲ್ಲಿ ಮುದ್ದಾಗಿ "ಅಜ್ಜಿ, ಕಥೆ ಹೇಲು" ಎಂದಳು. ಕನ್ನಡ ಬಲ್ಲ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಕಡೆ ನಗುವೋ ನಗು. ಯಾರೋ "ಇನ್ನೊಂದ್ಸಲ ಅನ್ನಮ್ಮ" ಎಂದರು. ಅರ್ಥ ತಿಳಿಯದಿದ್ದರೂ ಅವಮಾನ ಎಂಥ ಮಗುವಿಗೂ ತಿಳಿಯುತ್ತದೆ. ಅಂದಿನಿಂದ ಅಜ್ಜಿಯ ಫೋನೆಂದರೆ ಮಗಳು ಮಂಚದಡಿ ಸೇರುತ್ತಿದ್ದಳು. ಅತ್ತೆ "ಮಗು ಎಲ್ಲಿ?" ಎಂದು ಕೇಳಿ ಕೇಳಿ, ಕೇಳುವುದನ್ನೇ ಬಿಟ್ಟರು. ನನಗೆ ತಡೆಯಲಾಗಲಿಲ್ಲ. ಒಂದು ಅಕ್ಷರದ ದೆಸೆಯಿಂದ ಅಜ್ಜಿ ಮೊಮ್ಮಗಳು ದೂರವಾಗುವುದನ್ನು ನೋಡುತ್ತ ಕೂರುವವಳು ನಾನಲ್ಲ.

ಮುಂದಿನ ಧೂಳಿಗೆ ಕಾದೆ. ಬಂತು, ಮೂರು ದಿನದ್ದು. ನೀವೇ ಯೋಚಿಸಿ, ನಮ್ಮನ್ನು ಕೂಡಿಹಾಕಿದ್ದು ಗಾಳಿ, ಧೂಳು, ಮರಳು. ಮೂರರ ಬಾಲದಲ್ಲೂ ಳ, ನಾವು ಕೂತ ಒಳಗಿನ ಹೊಟ್ಟೆಯಲ್ಲೂ ಅದೇ ಳ. ಮೇಜಿನ ಪುಡಿಯನ್ನು ಒರೆಸದೆ ಬಿಟ್ಟು, ಮಗಳ ಬೆರಳು ಹಿಡಿದು ಅದರ ಮೇಲೆಯೇ ತಿದ್ದಿಸಿದೆ.

"ನಾಲಗೆ ಮೇಲೆ ಮಡಚು ಮಗಾ. ಗಾ...ಳಿ. ಎಂತ ಅವಸರ ನಿಂಗೆ?"

"ಗಾಲಿ," ಎಂದಳು. "ಅಮ್ಮಾ, ಮೈ ಟಂಗ್ ಈಸ್ ಟಯರ್ಡ್!"

ಮೊದಲ ದಿನವೆಲ್ಲ ಗಾಲಿಯೇ ಉರುಳಿತು. ಎರಡನೆಯ ದಿನ, ತವರಿನಿಂದ ತಂದ ಹಲಸಿನ ಹಪ್ಪಳ ಕರಿದು, ಕೈಗೆಟುಕದ ಕಡೆ ಇಟ್ಟು, "ಹಪ್ಪಲ" ಕೇಳಿದವರಿಗೆ ಇಲ್ಲ ಎಂದು ಸಾರಿದೆ. ಯಾರೂ ಕಲಿಸದ ಚಿರು ಎರಡೂ ಕೈ ಚಾಚಿ "ಹಪ್ಪಳ!" ಎಂದುಬಿಟ್ಟ, ಸ್ವಚ್ಛವಾಗಿ. ಆಸೆಬುರುಕನ ಬಾಯಿಗೆ ವ್ಯಾಕರಣ ತಾನೇ ಬಂದಿತ್ತು. ಅವನು ಅಕ್ಕನ ಎದುರೇ ಕುರುಕುರು ತಿನ್ನುವಾಗ ಅವಳ ಕಣ್ಣು ತುಂಬಿತು. ಹಾಸನದವರು ನಕ್ಕು ಮಾಡಿದ್ದನ್ನೇ ನಾನು ಹಪ್ಪಳ ಹಿಡಿದು ಮಾಡುತ್ತಿದ್ದೇನೆಯೇ ಎಂದು ಅಳುಕಾಗಿ, ಅವಳ ಕೈಗೂ ಒಂದಿಟ್ಟೆ. ಅವಳು ತಿನ್ನಲಿಲ್ಲ. ಅದನ್ನು ತಟ್ಟೆಯಲ್ಲಿಟ್ಟು, ಬಚ್ಚಲಿಗೆ ಹೋಗಿ ಕದ ಹಾಕಿಕೊಂಡಳು. ನಲ್ಲಿಯ ಸದ್ದಿನ ನಡುವೆ "ಹಪ್ಪಲ, ಹಪ್ಪಲ" ಎಂಬ ಜಪ ಬಹಳ ಹೊತ್ತು ಕೇಳುತ್ತಿತ್ತು. ಹಟ ಅವಳಿಗೂ ಇದೆಯೆಂದು ನನಗೆ ಆಗ ತಿಳಿಯಿತು.

ಮೂರನೆಯ ದಿನ ಫೋನು ಬಂತು. ಮೈತ್ರಿ ಮಂಚದಡಿಗೆ ಓಡಲಿಲ್ಲ. ಸ್ಪೀಕರ್ ಗುಂಡಿಯತ್ತ ಹೋದ ನನ್ನ ಕೈಯನ್ನು ತಳ್ಳಿ, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಮುಖ ಮಾಡಿ ನಿಂತಳು.

"ಅಜ್ಜಿ, ಕಥೆ..." ಎಂದು ತಡೆದು, ಉಸಿರೆಳೆದುಕೊಂಡು, "ಹೇ...ಳು" ಎಂದಳು.

ಪರದೇಶದ ಫೋನೆಂದರೆ ಕೂಗಿಯೇ ಮಾತಾಡುವ ಅತ್ತೆಯ ದನಿ ನನಗೂ ಕೇಳಿಸಿತು. "ಹೇಳ್ತೀನಿ ಕಣೆ ಚಿನ್ನಾ! ಎಲ್ಲೋಗಿದ್ದೆ ಇಷ್ಟ್ ದಿನ?"

"ಇಲ್ಲೇ ಇದ್ದೆ ಅಜ್ಜಿ," ಎಂದಳು ಮಗಳು. "ಒಳಗೆ."

ನನಗೆ ಅಳು ಬಂತು. ಹೊರಗೆ ಗಾಳಿ ಇಳಿಯತೊಡಗಿತ್ತು. ಇನ್ನೆರಡು ದಿನ ಬೀಸಲಿ ಎಂದು ಬೇಡಿಕೊಂಡೆ. ಣ ಇನ್ನೂ ಬಾಕಿಯಿತ್ತು.