ಕೈಯಲ್ಲಿ ತಸ್ಬಿ, ಬಾಯಲ್ಲಿ ಹಂಡೆ

ಸಂಜೆ ಅಸರ್ ನಮಾಜು ಮುಗಿಸಿ, ಹಿರಿಯೂರಿನ ನಮ್ಮ ಮನೆಯ ಜಗಲಿಯಲ್ಲಿ ತಸ್ಬಿ ಹಿಡಿದು ಕೂರುವುದು ನನ್ನ ಅಭ್ಯಾಸ. ಮಣಿ ಸರಿಸಿದಂತೆಲ್ಲ ಅಲ್ಲಾಹನ ಹೆಸರು ನೆನೆಯಬೇಕು. ಇದಕ್ಕೆ ಜಿಕ್ರ್ ಎನ್ನುತ್ತೇವೆ. ದನಿ ಹೊರಡಲೇಬೇಕೆಂದಿಲ್ಲ, ತುಟಿ ಆಡಿದರೂ ಆಯಿತು. ನನ್ನಂಥವಳಿಗೆ ಅದೇ ಅನುಕೂಲ.

ನಾಲ್ಕು ಮಣಿ ದಾಟುವಷ್ಟರಲ್ಲಿ ನಾದಿನಿ ತಲೆಯೊಳಗೆ ಬಂದು ಕೂರುತ್ತಾಳೆ. ಅವಳಿರುವುದು ಹೊಸದುರ್ಗದಲ್ಲಿ. ಅತ್ತೆ ತೀರಿಕೊಂಡಾಗ ಅವರ ತಾಮ್ರದ ಹಂಡೆಯನ್ನು ಹೇಳದೆ ಕೇಳದೆ ಹೊತ್ತುಕೊಂಡು ಹೋದಳು. ಎದುರಿಗೆ ತುಟಿ ಬಿಚ್ಚದ ನಾನು ಈ ಹೊತ್ತಿನಲ್ಲಿ ಅವಳನ್ನು ಚೆನ್ನಾಗಿ ಜಾಡಿಸುತ್ತೇನೆ. ಬೆರಳುಗಳು ತಮ್ಮ ಪಾಡಿಗೆ ಮಣಿ ಸರಿಸುತ್ತಿರುತ್ತವೆ. ದೂರದಿಂದ ನೋಡಿದವರಿಗೆ ಜಿಕ್ರೂ ಜಗಳವೂ ಒಂದೇ ಥರ ಕಾಣುತ್ತವೆ.

ಹಾಗೆ ನೋಡುವವರು ಎದುರುಮನೆಯ ಅಕ್ಕ. ಆದಿವಾಲದ ಕಡೆಯವರು, ಹಣೆತುಂಬ ವಿಭೂತಿ. ಹೋದ ವಾರ ಅವರ ಮಗಳನ್ನು ಹೆರಿಗೆಗೆಂದು ಚಿತ್ರದುರ್ಗಕ್ಕೆ ಕರೆದೊಯ್ದರು. ಮಗು ಅಡ್ಡ ತಿರುಗಿತ್ತಂತೆ. ಕಾರಿನಲ್ಲಿ ಜಾಗವಿಲ್ಲದೆ ಅಕ್ಕ ಮನೆಯಲ್ಲೇ ಉಳಿದರು. ನೇರ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು.

"ನೀವು ದಿನಾ ದೇವ್ರನ್ನ ಕರಿಯೋರು. ನನ್ ಮಗಳಿಗೂ ಒಂಚೂರು ಬೇಡ್ಕಳ್ರಿ."

ಅವತ್ತು ಶ್ರದ್ಧೆಯಿಂದಲೇ ಕೂತೆ. ಮೊದಲ ಮಣಿಗಳು ಅಲ್ಲಾಹನಿಗೇ ಸಂದವು. ಆಮೇಲೆ, ಬಾಣಂತಿ ಮನೆಗೆ ಬಂದರೆ ಬಿಸಿನೀರು ಬೇಕಲ್ಲ ಅನ್ನಿಸಿತು. ನೀರು ಎಂದ ಮೇಲೆ ಹಂಡೆ. ಹಂಡೆ ಎಂದ ಮೇಲೆ ನಾದಿನಿ. ಹೊತ್ತು ಮುಳುಗಿ ಮಗ್ರಿಬಿನ ಬಾಂಗ್ ಕೇಳಿಸಿದಾಗಲೂ ನಾನು ಅವಳ ಜೊತೆ ಹೊಸದುರ್ಗದಲ್ಲೇ ಇದ್ದೆ.

ಮರುದಿನ ಅಕ್ಕ ಬಟ್ಟಲಲ್ಲಿ ಸಕ್ಕರೆ ತಂದರು. ಹೆಣ್ಣುಮಗು, ತಾಯಿಯೂ ಚೆನ್ನಾಗಿದ್ದಾಳೆ. ಮನಸ್ಸು ಹಗುರವಾಯಿತು, ಸುಳ್ಳಲ್ಲ. ಆದರೆ ಸಕ್ಕರೆಗೆ ಕೈ ಚಾಚಲು ಆಗಲಿಲ್ಲ.

"ನಂದೇನೂ ಇಲ್ಲಕ್ಕಾ," ಎಂದೆ. ಅದನ್ನೂ ಅವರು ದೊಡ್ಡತನ ಎಂದುಕೊಂಡರು. ನನಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆ.

"ಸುಮ್ನಿರ್ರಿ. ನಿನ್ನೆ ಕಿಟಕಿಯಾಗೆ ಕುಂತು ನಿಮ್ಮನ್ನೇ ನೋಡ್ತಿದ್ದೆ. ಎದೆ ಹೊಡ್ಕಂತಿತ್ತು, ನಂಗೆ ದೇವ್ರ ಹೆಸ್ರೇ ಬಾಯಿಗೆ ಬರ್ತಿರ್ಲಿಲ್ಲ. ನಿಮ್ಮ ತುಟಿ ಆಡಿದಾಗೆಲ್ಲ ನಾನೂ ಶಿವಶಿವಾ ಅಂದೆ. ಬಾಂಗ್ ಆಗೋಗಂಟ ನೀವು ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರು ಒಂದು ಚಿಟಿಕೆ ಸಕ್ಕರೆ ಹಾಕಿಯೇಬಿಟ್ಟರು. ತಲೆ ತಗ್ಗಿಸಿ ನುಂಗಿದೆ. ಅಷ್ಟು ಹೊತ್ತೂ ನಾನು ಬಿಡದೆ ಕೇಳಿದ್ದು ಹಂಡೆಯನ್ನು.