ಮೊಂಡುಕಿವಿಯ ಹುಲಿ

ಹೊಸಪೇಟೆಯ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ರಾಮಾಂಜಿನಿಯ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಮದುವೆ ಕಾರ್ಡು, ಬಟ್ಟೆ ಚೀಲ, ಬ್ಯಾನರು, ಇವೇ ಕೆಲಸ. ಅದಕ್ಕೂ ಮೊದಲು, ಸಂಡೂರಿನಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ಕಾಲದಲ್ಲಿ, ಅವನು ಗಾದಿಗನೂರಿನಲ್ಲಿ ಕೂತು ಲಾರಿಗಳಿಗೆ ಚಿತ್ರ ಬರೆಯುತ್ತಿದ್ದ. ಅವನ ಹುಲಿಮುಖಕ್ಕೆ ಡ್ರೈವರುಗಳು ಪಾಳಿ ಹಚ್ಚುತ್ತಿದ್ದರು. ಮೊದಲ ಲಾರಿ ಅದೇ ಊರಿನ ಗುಡ್ಡಪ್ಪನದು; ಎಡಗಿವಿಯ ಜಾಗಕ್ಕೆ ಸರಿಯಾಗಿ ಹಿಂಬಾಗಿಲ ಕೊಂಡಿ ಬಂದು ಕಿವಿ ಮೊಂಡಾಯಿತು. ಆಮೇಲೆ ಬಂದವರೆಲ್ಲ ಅಂಥದ್ದೇ ಬೇಕೆಂದರು. ಗಣಿ ನಿಂತಿತು. ಲಾರಿಗಳು ಜಾಲಿಕಂಟಿಯಲ್ಲಿ ತುಕ್ಕು ಹಿಡಿದವು. ರಾಮಾಂಜಿನಿ ಪೇಟೆ ಸೇರಿದ.

ಕಳೆದ ಚಳಿಗಾಲದಲ್ಲಿ ರಮಾ ಎಂಬ ಬೆಂಗಳೂರಿನ ಕಲಾವಿದೆ ಅವನ ಅಂಗಡಿಗೆ ಬಂದಳು. ಹಂಪಿಯ ಹತ್ತಿರದ ರೆಸಾರ್ಟೊಂದರಲ್ಲಿ ಆಕೆಯ ಪಾಪ್ ಆರ್ಟ್ ಪ್ರದರ್ಶನವಿತ್ತು. ಒಂದೇ ಚಿತ್ರದ ಐವತ್ತು ಪ್ರತಿ ಬೇಕು, ಒಂದೂ ಹೆಚ್ಚಾಗಬಾರದು, ಪ್ರತಿಯೊಂದಕ್ಕೂ ನಂಬರ್ ಹಾಕಿ ತಾನು ಸಹಿ ಮಾಡುತ್ತೇನೆ, ಮುಗಿದ ಮೇಲೆ ಅಚ್ಚಿನ ಸ್ಕ್ರೀನ್ ಬಟ್ಟೆಯನ್ನು ತನ್ನೆದುರೇ ಹರಿದುಹಾಕಬೇಕು ಎಂದಳು. ಮಿತಿ ಇದ್ದರೇ ಕಲೆಗೆ ಬೆಲೆಯಂತೆ. ಆಮೇಲೆ ಲ್ಯಾಪ್‌ಟಾಪ್ ತೆರೆದು ಚಿತ್ರ ತೋರಿಸಿದಳು.

ಗುಲಾಬಿ ಬಣ್ಣದ ಮೇಲೆ ಹಸಿರು ಹಲ್ಲಿನ ಹುಲಿ. ಎಡಗಿವಿ ಮೊಂಡು. ಕೆಳಗೆ ಅವನ ಹೆಸರಿದ್ದ ಪಟ್ಟಿಗೆ ಗುಲಾಬಿ ಬಳಿದು ಮುಚ್ಚಿದ್ದಳು.

"ಮೇಡಂ, ಇದು ನಾ ಬರದ ಹುಲಿ. ಗುಡ್ಡಪ್ಪನ ಲಾರಿದು. ಕೆಳಗ ನನ್ನ ಹೆಸರಿತ್ತಲ್ಲ?"

ರಮಾ ತಲೆ ಎತ್ತಲಿಲ್ಲ. "ಗುಜರಿ ಲಾರಿ ಮೇಲೆ ಬಿದ್ದಿದ್ದ ಚಿತ್ರ ಅದು. ಕಲೆ ಮಾಡಿದ್ದು ನಾನು. ನಿಮ್ಮ ಕೆಲಸ ಪ್ರಿಂಟ್ ಹಾಕೋದು, ಅಷ್ಟು ಮಾಡಿ."

ದೊಡ್ಡವರ ಜೊತೆ ಜಗಳ ಬೇಡ, ಕೆಲಸ ವಾಪಸ್ ಕೊಟ್ಟುಬಿಡು ಎಂದು ಹೆಂಡತಿ ಎರ್ರೆಮ್ಮ ಬುದ್ಧಿ ಹೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಬಸ್ಸು ಹತ್ತಿ ಗಾದಿಗನೂರಿಗೆ ಹೋದ. ಗುಡ್ಡಪ್ಪನ ಲಾರಿ ಕಂಟಿಯ ನಡುವೆ ಹಾಗೆಯೇ ನಿಂತಿತ್ತು. ಬಿಸಿಲಿಗೆ ಮಾಸಿದ್ದರೂ ಅಕ್ಷರ ಓದುವಂತಿತ್ತು: ರಾಮಾಂಜಿನಿ ಆರ್ಟ್ಸ್, ಗಾದಿಗನೂರು.

"ಫೋಟೊ ಹೊಡಕಂಡು, ಬರದವ್ರು ಯಾರು ಅಂತ ಕೇಳಿದ್ಲಪ್ಪ ಆಯಮ್ಮ," ಎಂದ ಗುಡ್ಡಪ್ಪ. "ನಾನಾ ನಿನ್ನ ಅಂಗಡಿ ಗುರುತು ಹೇಳಿ ಕಳಿಸಿದ್ದೆ."

ಅಂದರೆ ಎಲ್ಲ ಗೊತ್ತಿದ್ದೇ ಬಂದಿದ್ದಳು. ರಾಮಾಂಜಿನಿಯ ಮೈ ಉರಿದುಹೋಯಿತು. ಟ್ರೇಸಿಂಗ್ ಹಾಳೆ ತರಿಸಿ, ಲಾರಿಯ ಮೇಲಿನ ಅಕ್ಷರಗಳನ್ನು ಒಂದೂ ಬಿಡದೆ ತಿದ್ದಿಕೊಂಡ.

ಬಣ್ಣಕ್ಕೊಂದು ಸ್ಕ್ರೀನಿನಂತೆ ಹಳದಿ, ಗುಲಾಬಿ, ಹಸಿರು, ಮೂರೂ ಬಣ್ಣಗಳನ್ನು ಆಕೆ ಹೇಳಿದಂತೆಯೇ ಹಾಳೆಗೆ ಎಳೆದ. ಕೊನೆಯ ಕಪ್ಪಿನ ಸ್ಕ್ರೀನಿಗೆ ಮಾತ್ರ ತನ್ನ ಹೆಸರನ್ನೂ ಸೇರಿಸಿದ. ಐವತ್ತು ಹಾಳೆಗಳ ಮೇಲೂ, ಗುಲಾಬಿ ಪಟ್ಟಿಯ ನಡುವೆ, ಹೆಸರು ಕಪ್ಪಗೆ ಎದ್ದು ಕೂತಿತು.

ಪ್ರದರ್ಶನದ ಹಿಂದಿನ ದಿನ ಬಂದ ರಮಾ ಹಾಳೆ ನೋಡಿ ಬಿಳಿಚಿಕೊಂಡಳು. ಇದೇನಿದು ಎಂದು ಕೇಳಿದಳು.

"ಹೆಸರು ರೀ. ಗುಡ್ಡಪ್ಪ ನಿಮಗ ಹೇಳಿದ್ನಲ್ಲ, ಅದಾ."

ಮೋಸಗಾರ ಎಂದಳು. ಪೊಲೀಸರ ಹತ್ತಿರ ಹೋಗುತ್ತೇನೆ, ಈ ಊರಲ್ಲಿ ಯಾರೂ ನಿನಗೆ ಕೆಲಸ ಕೊಡದ ಹಾಗೆ ಮಾಡುತ್ತೇನೆ ಎಂದಳು. ಬಾಗಿಲಲ್ಲಿ ಜನ ಕೂಡಿದಾಗ ದನಿ ತಗ್ಗಿಸಿ, ಬೇರೆ ಹಾಳೆಯಲ್ಲಿ ಮತ್ತೆ ಪ್ರಿಂಟ್ ಹಾಕಿಕೊಟ್ಟರೆ ಹಿಂಬದಿಯಲ್ಲಿ ಸಣ್ಣಗೆ 'ಮುದ್ರಣ: ರಾಮಾಂಜಿನಿ' ಎಂದು ಹಾಕಿಸುವುದಾಗಿ ಹೇಳಿದಳು.

"ಹಿಂದ್ಗಡೆ ಬ್ಯಾಡ ರೀ. ಲಾರಿಗೆ ಹಿಂದ್ಗಡೆ ಬರದಿದ್ದಾ ಸಾಕು."

ಆಕೆ ಮೇಲಿನ ಹಾಳೆಯನ್ನು ಎಳೆದು ಹರಿದಳು. ಉಳಿದವುಗಳ ಮೇಲೆ ಅವನು ಅಂಗೈ ಊರಿ ನಿಂತ. ಇನ್ನೊಂದು ಕೈಯಿಂದ ಬ್ಲೇಡು ತೆಗೆದು, ಆಕೆಯ ಕಣ್ಣೆದುರೇ ಕಪ್ಪಿನ ಸ್ಕ್ರೀನನ್ನು ಅಡ್ಡಡ್ಡ ಸೀಳಿದ. "ನೀವು ಹೇಳಿದಂಗ ಆತು. ಇನ್ನ ಒಂದೂ ಹುಟ್ಟಂಗಿಲ್ಲ. ಬೇಕಂದ್ರ ಇವನ್ನ ಒಯ್ರಿ."

ಆಕೆ ಒಯ್ಯಲಿಲ್ಲ. ರೆಸಾರ್ಟಿನ ಒಂದು ಗೋಡೆ ಪ್ರದರ್ಶನ ಮುಗಿಯುವವರೆಗೂ ಬೋಳಾಗಿಯೇ ಇತ್ತಂತೆ. ಪೊಲೀಸರು ಬರಲಿಲ್ಲ, ಆದರೆ ಆಕೆಯ ಪರಿಚಯದ ಹೋಟೆಲುಗಳಿಂದ ಬರುತ್ತಿದ್ದ ಚೀಲದ ಕೆಲಸವೆಲ್ಲ ನಿಂತುಹೋಯಿತು. ಎರ್ರೆಮ್ಮ ಎಂಟು ದಿನ ಮಾತು ಬಿಟ್ಟಳು. ರಾಮಾಂಜಿನಿ ಯಾರ ಹತ್ತಿರವೂ ರಾಜಿಗೆ ಹೋಗಲಿಲ್ಲ. ಯಾರಾದರೂ ರಮಾಳ ಹೆಸರೆತ್ತಿದರೆ ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು, ಹೊರಗೆ ಹೋಗಿ ಉಗುಳಿ ಬರುತ್ತಾನೆ.